ತಾಳಗುಂದದ ಕಂಬದಿಂದ ಮೊಬೈಲ್ ಪರದೆಯವರೆಗೆ

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿರುವ ಎಂಟು ಮುಖದ ಕಂಬವನ್ನು ಓದಬೇಕಾದರೆ ಕತ್ತು ಓರೆ ಮಾಡಬೇಕು. ಅದರ ಸಾಲುಗಳು ಅಡ್ಡಕ್ಕಿಲ್ಲ, ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಮಯೂರಶರ್ಮ ಕಂಚಿಗೆ ಓದಲು ಹೋಗಿ, ಅಲ್ಲಿ ಅವಮಾನಗೊಂಡು, ಕದಂಬ ರಾಜ್ಯ ಕಟ್ಟಿದ ಕಥೆ ಉಳಿದದ್ದು ಈ ಕಂಬದಿಂದ. ಐದನೇ ಶತಮಾನದಲ್ಲಿ ಶಾಂತಿವರ್ಮನ ಕಾಲದಲ್ಲಿ ಇದನ್ನು ರಚಿಸಿದವನು ಕುಬ್ಜ ಎಂಬ ಕವಿ. ಭಾಷೆ ಸಂಸ್ಕೃತ. ಕಂಬ ಊರಲ್ಲೇ ನಿಂತಿದ್ದರೂ ಊರವರಿಗೆ ಯಾರಾದರೂ ಓದಿ ಹೇಳಬೇಕಿತ್ತು.

ವೆಬ್‌ಸೈಟಿಗೆ ಬಂದ ಕನ್ನಡವೂ ಬಹಳ ಕಾಲ ಹೀಗೇ ಇತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕನ್ನಡಿಗರು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕಲಿತದ್ದು ಇವುಗಳಿಂದಲೇ, ಆ ಋಣ ದೊಡ್ಡದು. ಆದರೆ ಆಗಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುತ್ತಿದ್ದುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಆ ಫಾಂಟ್ ಇಲ್ಲದ ಕಡೆ 'ಕನ್ನಡ' ಎಂಬ ಪದದ ನಡುವೆ ಬ್ರಿಟನ್ನಿನ ಪೌಂಡ್ ಗುರುತು ಬಂದು ಕೂರುತ್ತಿತ್ತು! ಹುಡುಕಿದರೆ ಸಿಗುತ್ತಿರಲಿಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಂತೂ ಅದು ಕನ್ನಡವೇ ಅಲ್ಲ.

ಮದ್ದು ಮೊದಲೇ ಇತ್ತು. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೊಂದು ಫಾಂಟ್ ಬಂತು, ಹೆಸರು 'ತುಂಗಾ'. ನಮ್ಮ ಜಿಲ್ಲೆಯ ಹೊಳೆಯ ಹೆಸರೇ!

ವೆಬ್ ಎಲ್ಲರಿಗೂ ಎಟುಕಬೇಕೆಂಬ ನಿಯಮಗಳನ್ನು ಡಬ್ಲ್ಯೂತ್ರೀಸಿ ಸಂಸ್ಥೆ ಮೊದಲು ಹೊರಡಿಸಿದ್ದು 1999ರಲ್ಲಿ. 2008ರಲ್ಲಿ ಅವನ್ನು ನಾಲ್ಕು ಮಾತಿಗೆ ಇಳಿಸಿತು: ಪುಟ ಗ್ರಹಿಕೆಗೆ ಸಿಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲೂ ನಿಲ್ಲಬೇಕು. ಬರಹದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕೆಂಬ ಲೆಕ್ಕವೂ ಅದರಲ್ಲಿದೆ. ಬಿಳಿ ಮೇಲೆ ತಿಳಿ ಬೂದು ಅಕ್ಷರ ಹಾಕುವವರು ಒಮ್ಮೆ ಮೆಕ್ಕೆಜೋಳದ ಹೊಲದ ಬಿಸಿಲಲ್ಲಿ ನಿಂತು ಮೊಬೈಲ್ ನೋಡಲಿ. ಭಾರತ ಸರ್ಕಾರ ತನ್ನ ವೆಬ್‌ಸೈಟುಗಳಿಗೆ ಮಾರ್ಗಸೂಚಿ ತಂದದ್ದು 2009ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದ ಇದು ದಯೆಯ ಮಾತಾಗಿ ಉಳಿಯದೆ ಹಕ್ಕಾಯಿತು.

ಹೀಗಿದ್ದೂ ಪಿಂಚಣಿ, ವಿದ್ಯಾರ್ಥಿವೇತನ, ಬೆಳೆ ಪರಿಹಾರದ ಎಷ್ಟೋ ಪ್ರಕಟಣೆಗಳು ಇವತ್ತಿಗೂ ಸಹಿ, ಸೀಲು ಹಾಕಿದ ಕಾಗದದ ಫೋಟೋ ಆಗಿಯೇ ನಮ್ಮ ಮೊಬೈಲಿಗೆ ಬರುತ್ತವೆ. ಕೊನೆಯ ದಿನಾಂಕ ಆ ಫೋಟೋದ ಮೂಲೆಯಲ್ಲೆಲ್ಲೋ ಇರುತ್ತದೆ. ಕಣ್ಣು ಮಂಜಾದ ಅಜ್ಜಿ ಮತ್ತೆ ಯಾರಾದರೂ ಓದಿ ಹೇಳಲೆಂದು ಕಾಯಬೇಕು.

ನೀವೇ ಪರೀಕ್ಷಿಸಿ ನೋಡಬಹುದು. ಪುಟದ ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದವಷ್ಟೇ ಆಯ್ಕೆಯಾದರೆ ಸಾಮಾನ್ಯವಾಗಿ ಅದು ಅಕ್ಷರ, ಇಡೀ ಚಿತ್ರವೇ ಹಿಡಿದುಕೊಂಡರೆ ಫೋಟೋ. ಆ ಪದವನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿ. ಇಂಗ್ಲಿಷ್ ಗಜಿಬಿಜಿ ಬಂದರೆ ಹಳೇ ಫಾಂಟು. ಆಮೇಲೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ಕೇಳಿ. (ಅದು ಚಾಲೂ ಇರುವಾಗ ಏನೇ ತೆರೆಯಲೂ ಎರಡು ಸಲ ತಟ್ಟಬೇಕು, ಗಾಬರಿಯಾಗಬೇಡಿ.) ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಇಷ್ಟೇ: ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಯೋಜನೆಯ ಹೆಸರು, ಬೇಕಾದ ದಾಖಲೆ, ಕೊನೆಯ ದಿನ, ಈ ಮೂರನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ.