ಹಡಗಿಗೆ ವಿಮೆಯಿತ್ತು, ಕಪ್ತಾನನಿಗೆ ಏನಿತ್ತು?

ಟೈಟಾನಿಕ್ ಹಡಗಿನ ಕಥೆಯನ್ನು ಕೇಳದವರು ವಿರಳ. 1912ರ ಏಪ್ರಿಲ್ 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಅದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ ಸುಮಾರು 1,500 ಮಂದಿ ಜಲಸಮಾಧಿಯಾದರು. ಬದುಕುಳಿದ ಸಿಬ್ಬಂದಿಯ ಸಂಬಳವೂ ಅದೇ ಹೊತ್ತಿಗೆ ನಿಂತುಹೋಯಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ. ಇದು ಆ ಒಂದು ಕಂಪನಿಯ ನಿರ್ದಯತೆಯಷ್ಟೇ ಅಲ್ಲ, ಕಾನೂನೇ ಹಾಗಿತ್ತು. 1894ರ ಬ್ರಿಟಿಷ್ ವಾಣಿಜ್ಯ ನೌಕಾ ಕಾಯಿದೆಯ ಪ್ರಕಾರ ಹಡಗು ನಾಶವಾದೊಡನೆ ಚಾಕರಿಯೂ ಮುಗಿದಂತೆ. ಹಾಗೆ ಕೆಲಸ ಕಳೆದುಕೊಂಡವರಿಗೆ ಎರಡು ತಿಂಗಳವರೆಗಿನ ಪರಿಹಾರ ನೀಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಜಿನೋವಾದಲ್ಲಿ ರೂಪುಗೊಂಡದ್ದು 1920ರಲ್ಲಿ. ಬ್ರಿಟನ್ ಅದನ್ನು ಶಾಸನವಾಗಿಸಿದ್ದು 1925ರಲ್ಲಿ.

ಹಡಗಿನ ರಕ್ಷಣೆಗೆ ಅಂದು ವ್ಯವಸ್ಥೆಗಳಿರಲಿಲ್ಲವೆಂದಲ್ಲ. ಹಡಗಿಗೂ ಸರಕಿಗೂ ವಿಮೆಯಿತ್ತು. ಮಿತಿಮೀರಿ ಸರಕು ತುಂಬಬಾರದೆಂದು ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರು ಹೋರಾಡಿದ್ದರಿಂದ 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ ಕಡ್ಡಾಯವಾಯಿತು. ಆದರೆ ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಕಾನೂನು ನಿಗದಿಮಾಡಿದ್ದು 1890ರಲ್ಲಿ. ಅಲ್ಲಿಯವರೆಗೆ ಅದು ಮಾಲೀಕರ ಇಚ್ಛೆಗೆ ಬಿಟ್ಟದ್ದಾಗಿತ್ತು! ಜೀವರಕ್ಷಕ ದೋಣಿಗಳ ನಿಯಮವೂ 10,000 ಟನ್ನಿನ ಹಡಗಿಗೇ ನಿಂತುಹೋಗಿತ್ತು. 46,000 ಟನ್ನು ಮೀರಿದ ಟೈಟಾನಿಕ್ ನಿಯಮಕ್ಕಿಂತ ಹೆಚ್ಚಾಗಿಯೇ, ಅಂದರೆ 20 ದೋಣಿಗಳನ್ನು ಹೊತ್ತಿತ್ತು. ಆದರೂ ಅವುಗಳಲ್ಲಿ ಕೇವಲ 1,178 ಮಂದಿಗೆ ಸ್ಥಳವಿತ್ತು.

ಇನ್ನು ಹಡಗಿನ ಅಧಿಕಾರಿಯ ಆಸ್ತಿಯೆಂದರೆ ಒಂದು ಕಾಗದ. ವಿದೇಶಗಳಿಗೆ ಹೋಗುವ ಹಡಗುಗಳ ಕಪ್ತಾನರೂ ಮೇಟ್‌ಗಳೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆದಿರಬೇಕೆಂದು 1850ರ ಶಾಸನ ವಿಧಿಸಿತು. ಅವಘಡವಾದರೆ ವಿಚಾರಣಾ ನ್ಯಾಯಾಲಯವು ಆ ಪತ್ರವನ್ನು ಅಮಾನತಿನಲ್ಲಿಡಬಹುದು, ರದ್ದುಮಾಡಲೂಬಹುದು. ಅಂದಿಗೆ ಅವನ ಅನ್ನದ ದಾರಿ ಮುಚ್ಚಿದಂತೆಯೇ. ಮಾಲೀಕರು ದೊಡ್ಡ ವಕೀಲರನ್ನು ನಿಲ್ಲಿಸಬಲ್ಲರು. ಸಂಬಳದ ಕಪ್ತಾನನ ಪರವಾಗಿ ಮಾತನಾಡುವವರು ಯಾರು?

ಈ ಪ್ರಶ್ನೆಗೆ ಅಧಿಕಾರಿಗಳು ತಾವೇ ಉತ್ತರ ಕಂಡುಕೊಂಡರು. 1857ರಲ್ಲಿ ಲಿವರ್‌ಪೂಲ್ ನಗರದಲ್ಲಿ ಮರ್ಕಂಟೈಲ್ ಮೆರೀನ್ ಸರ್ವಿಸ್ ಅಸೋಸಿಯೇಷನ್ ಹುಟ್ಟಿತು. ಎರಡೇ ವರ್ಷಗಳಲ್ಲಿ ಅದು ಭಾವಿ ಅಧಿಕಾರಿಗಳಿಗಾಗಿ ‘ಕಾನ್ವೇ’ ಎಂಬ ತರಬೇತಿ ಹಡಗನ್ನು ಆರಂಭಿಸಿತು. ನಾನೊಬ್ಬ ಮಾಸ್ತರನಾದ್ದರಿಂದಲೋ ಏನೋ, ರಕ್ಷಣೆಯೆಂದೊಡನೆ ಮೊದಲು ಶಾಲೆಯೊಂದನ್ನು ತೆರೆದ ಆ ಜನರ ಬಗ್ಗೆ ನನಗೆ ವಿಶೇಷ ಗೌರವ. 1893ರಲ್ಲಿ ಅಲ್ಲಿಯೇ ಇನ್ನೊಂದು ಸಂಘವಾದ ಮರ್ಚೆಂಟ್ ಸರ್ವಿಸ್ ಗಿಲ್ಡ್ ಸ್ಥಾಪನೆಯಾಯಿತು. ಚಂದಾ ಕೊಟ್ಟ ಸದಸ್ಯನಿಗೆ ವಿಚಾರಣೆಯ ವೇಳೆ ಕಾನೂನಿನ ನೆರವು ಒದಗಿಸುವುದು ಅದರ ಮುಖ್ಯ ಸೇವೆಗಳಲ್ಲೊಂದು. ಟೈಟಾನಿಕ್ ವಿಚಾರಣೆಯಲ್ಲಿಯೂ ಗಿಲ್ಡಿನ ಪರವಾಗಿ ವಕೀಲರೊಬ್ಬರು ಹಾಜರಿದ್ದರು.

ಆದರೆ ಅದೇ ವಿಚಾರಣೆಯು ಈ ರಕ್ಷಣೆಗಳಲ್ಲಿದ್ದ ಒಂದು ವಿಚಿತ್ರ ಬಿರುಕನ್ನು ತೋರಿಸಿಕೊಟ್ಟಿತು. ಆ ರಾತ್ರಿ ‘ಕ್ಯಾಲಿಫೋರ್ನಿಯನ್’ ಎಂಬ ಹಡಗು ಹಿಮಗಡ್ಡೆಗಳ ನಡುವೆ ಎಂಜಿನ್ ನಿಲ್ಲಿಸಿ ತಂಗಿತ್ತು. ಅದರ ಕಪ್ತಾನರು 34 ವರ್ಷದ ಸ್ಟಾನ್ಲಿ ಲಾರ್ಡ್. (ಲಾರ್ಡ್ ಎಂಬುದು ಮನೆತನದ ಹೆಸರು, ಬಿರುದಲ್ಲ.) ಹಡಗಿನಲ್ಲಿದ್ದ ಒಬ್ಬನೇ ವೈರ್‌ಲೆಸ್ ನಿರ್ವಾಹಕ ಆಗಲೇ ಮಲಗಿದ್ದ. ಕಾವಲಿನಲ್ಲಿದ್ದ ಅಧಿಕಾರಿ ಆಕಾಶದಲ್ಲಿ ಬಿಳಿಯ ರಾಕೆಟ್ಟುಗಳನ್ನು ಕಂಡು, ವಿಶ್ರಮಿಸುತ್ತಿದ್ದ ಕಪ್ತಾನರಿಗೆ ತಿಳಿಸಿದ. ದೀಪದ ಸಂಕೇತದಿಂದ ಆ ಹಡಗನ್ನು ಮಾತನಾಡಿಸುತ್ತಿರು ಎಂಬ ಸೂಚನೆ ಬಂತು. ವೈರ್‌ಲೆಸ್ ನಿರ್ವಾಹಕನನ್ನು ಮಾತ್ರ ಬೆಳಗಿನವರೆಗೆ ಯಾರೂ ಎಬ್ಬಿಸಲಿಲ್ಲ.

1912ರ ಮೇ 14ರಂದು ಲಾರ್ಡ್ ಅವರು ಲಂಡನ್ನಿನಲ್ಲಿ ಸಾಕ್ಷಿ ನುಡಿದರು. ಸಾಕ್ಷಿಯಾಗಿ ಮಾತ್ರ, ಅವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅವರು ನುಡಿದು ಹೋದ ಮೇಲೆ, ನೆರವಾಗಬಹುದಾಗಿದ್ದ ಹಡಗುಗಳ ಕುರಿತ ಅಂಶವನ್ನು ವಿಚಾರಣೆಯ ಪ್ರಶ್ನಾವಳಿಗೆ ಸೇರಿಸಲಾಯಿತು. ಕ್ಯಾಲಿಫೋರ್ನಿಯನ್ ನೆರವಿಗೆ ಬಂದಿದ್ದರೆ ಎಲ್ಲರನ್ನು ಅಲ್ಲದಿದ್ದರೂ ಅನೇಕರನ್ನು ಉಳಿಸಬಹುದಿತ್ತೆಂದು ಮರ್ಸಿ ಪ್ರಭುಗಳು ಜುಲೈ 30ರ ವರದಿಯಲ್ಲಿ ತೀರ್ಮಾನಿಸಿದರು. ಲಾರ್ಡ್ ಅವರು ಆ ಕಂಪನಿಯ ಕೆಲಸ ಕಳೆದುಕೊಂಡರು.

ಇಲ್ಲಿರುವ ವಿಪರ್ಯಾಸವನ್ನು ಓದುಗರು ಗಮನಿಸಬೇಕು. ಅರ್ಹತಾಪತ್ರ ರದ್ದಾಗಿದ್ದರೆ ಅಥವಾ ಅಮಾನತಾಗಿದ್ದರೆ 1894ರ ಕಾಯಿದೆಯಂತೆ ಅವರಿಗೆ ಮೇಲ್ಮನವಿಯ ಹಕ್ಕು ದೊರೆಯುತ್ತಿತ್ತು. ಪತ್ರವನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಆ ಹಕ್ಕೂ ಹುಟ್ಟಲಿಲ್ಲ. ಕಾನೂನು ಕಾಗದವನ್ನು ಕಾಯಿತು; ಹೆಸರನ್ನು ಕಾಯಲಿಲ್ಲ. ಅದೇ ಪತ್ರದ ಬಲದಿಂದ ಅವರು ಬೇರೊಂದು ಕಂಪನಿಯಲ್ಲಿ 1927ರವರೆಗೆ ಕಪ್ತಾನರಾಗಿದ್ದರೆಂಬುದೂ ಸತ್ಯ.

1958ರಲ್ಲಿ ಟೈಟಾನಿಕ್ ಕುರಿತ ಚಲನಚಿತ್ರವೊಂದು ತೆರೆಕಂಡಿತು. ಎಂಬತ್ತು ದಾಟಿದ್ದ ವೃದ್ಧ ಕಪ್ತಾನರು ಲಿವರ್‌ಪೂಲಿನ ತಮ್ಮ ಹಳೆಯ ಸಂಘದ ಬಾಗಿಲು ತಟ್ಟಿದರು. ಅದರ ಕಾರ್ಯದರ್ಶಿ ಲೆಸ್ಲಿ ಹ್ಯಾರಿಸನ್ ಈ ವ್ಯಾಜ್ಯವನ್ನು ಕೈಗೆತ್ತಿಕೊಂಡರು. 1962ರಲ್ಲಿ ಲಾರ್ಡ್ ತೀರಿಕೊಂಡರೂ ಸಂಘವು 1965ರಲ್ಲಿ ಒಂದು, 1968ರಲ್ಲಿ ಇನ್ನೊಂದು ಅರ್ಜಿ ಸಲ್ಲಿಸಿತು, ಎರಡೂ ತಿರಸ್ಕೃತವಾದವು. 1985ರಲ್ಲಿ ಟೈಟಾನಿಕ್ ಅವಶೇಷಗಳು ದೊರೆತು, ಅದು ತಿಳಿಸಿದ್ದ ಸ್ಥಾನ ಹಲವು ಮೈಲಿ ತಪ್ಪಾಗಿತ್ತೆಂಬುದು ಖಚಿತವಾದ ಬಳಿಕ ಸರ್ಕಾರ ಮರುಪರಿಶೀಲನೆಗೆ ಒಪ್ಪಿತು. ಎರಡೂ ಹಡಗುಗಳ ನಡುವಣ ಅಂತರದ ಬಗ್ಗೆ 1992ರ ವರದಿ ಒಮ್ಮತಕ್ಕೆ ಬರಲಿಲ್ಲ. ರಾಕೆಟ್ಟುಗಳನ್ನು ಕಂಡೂ ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು ಅದು ಸ್ಪಷ್ಟವಾಗಿ ಹೇಳಿತು. ಹೊರಟಿದ್ದರೂ ಆ ಹಡಗು ಸಕಾಲಕ್ಕೆ ತಲುಪುತ್ತಿರಲಿಲ್ಲವೆಂದೂ ಹೇಳಿತು.

ಲಾರ್ಡ್ ನಿರ್ದೋಷಿಯೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಎಬ್ಬಿಸದೆ ಉಳಿದ ಆ ವೈರ್‌ಲೆಸ್ ನಿರ್ವಾಹಕನ ನಿದ್ದೆ ಯಾವ ವರದಿಯಿಂದಲೂ ಮರೆಯಾಗದು. ಆದರೆ ತಪ್ಪಿತಸ್ಥನೆನಿಸಿದವನಿಗೂ ಆರೋಪವೇನೆಂದು ತಿಳಿಯುವ, ಅದಕ್ಕೆ ಉತ್ತರ ಕೊಡುವ ಅವಕಾಶವಿರಬೇಕು. ಆ ಅವಕಾಶ ಸಿಕ್ಕಿದ್ದರೆ ಅವರಿಗೆ ಶಿಕ್ಷೆಯೇ ಆಗುತ್ತಿತ್ತೇನೋ. ಆದರೂ 80 ವರ್ಷ ಕಾಯಬೇಕಾಗುತ್ತಿರಲಿಲ್ಲ.