ಮೊದಲ ಹಾಲು, ಮೊದಲ ತುತ್ತು

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಎಷ್ಟೋ ಹಳೆಯ ಮನೆಗಳಲ್ಲಿ, ಹುಟ್ಟಿದ ಕೂಸಿಗೆ ಮೊದಲ ಎರಡು ಮೂರು ದಿನ ತಾಯಿಯ ಹಾಲು ಸಲ್ಲುತ್ತಿರಲಿಲ್ಲ. ಹಳದಿ ಬಣ್ಣದ ಆ ಮಂದವಾದ ಹಾಲು ಬಹುಕಾಲ ಒಡಲಲ್ಲಿ ನಿಂತು ಕೆಟ್ಟುದೆಂದು ಬಗೆದು, ಅದನ್ನು ಹಿಂಡಿ ಚೆಲ್ಲಿ, ಸಕ್ಕರೆ ನೀರನ್ನೋ ಜೇನನ್ನೋ, ಹೊಟ್ಟೆ ಶುದ್ಧಿಯಾಗಲೆಂದು ಎರಡು ಹನಿ ಹರಳೆಣ್ಣೆಯನ್ನೋ ಕೂಸಿನ ನಾಲಗೆಗೆ ಸವರುತ್ತಿದ್ದರು. ಇದು ಬರಿಯ ಹಳ್ಳಿಯ ಅಜ್ಞಾನವೆಂದು ಜರೆಯುವವರು ಆಯುರ್ವೇದದ ಸುಶ್ರುತಸಂಹಿತೆಯ ಶಾರೀರಸ್ಥಾನವೆಂಬ ಭಾಗವನ್ನು ತೆರೆದು ನೋಡಬೇಕು: ಮೂರು ನಾಲ್ಕು ರಾತ್ರಿಗಳು ಕಳೆದ ಬಳಿಕವೇ ಸ್ತನ್ಯವು ಪ್ರವೃತ್ತವಾಗುವುದೆಂದು ನುಡಿದು, ಅದುವರೆಗೆ ಜೇನು ತುಪ್ಪಗಳನ್ನು ವಿಧಿಸಿದುದು ಆ ಗ್ರಂಥವೇ. ರೋಗನಿರೋಧಕ ಶಕ್ತಿಯನ್ನೂ ಎ ಜೀವಸತ್ತ್ವವನ್ನೂ ಹೇರಳವಾಗಿ ಹೊತ್ತು ಬರುವ ಮೊದಲ ಹಾಲಿನ ವಿಷಯದಲ್ಲಿ ಪಂಡಿತನೂ ಸೂಲಗಿತ್ತಿಯೂ ಒಟ್ಟಿಗೇ ಎಡವಿದರು. ಆದರೆ ಆರು ತಿಂಗಳಾದ ಕೂಸಿಗೆ ಲಘುವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂದು ಅದೇ ಗ್ರಂಥ ಹೇಳಿದ ಮಾತಿಗೆ ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಬಂದು ಸೇರಿತು.

ಬಾಣಂತಿಯ ಆರೈಕೆಯಲ್ಲಿ ಮಾತ್ರ ನಮ್ಮ ಅಜ್ಜಿಯರ ವಿವೇಕವು ಬೆಳಗುತ್ತದೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲಗಳ ಅಂಟಿನುಂಡಿ, ಅಳವಿಯ ಪಾಯಸ, ಬಿಸಿ ನವಣಕ್ಕಿಯ ಅನ್ನಕ್ಕೆ ತುಪ್ಪ: ಕೂಸಿಗೆ ಹಾಲಾಗಬೇಕಾದರೆ ಮೊದಲು ತಾಯಿಗೆ ಊಟವಾಗಬೇಕೆಂಬ ತತ್ತ್ವವನ್ನು, ಅಕ್ಷರವರಿಯದ ಆ ಹೆಂಗಸರು ಆಚರಣೆಯಲ್ಲಿಯೇ ಸಾಧಿಸಿದ್ದರು. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೂ ಸೊಪ್ಪನ್ನೂ ನಿಷೇಧಿಸಿದ ಪಥ್ಯವು ಈ ವಿವೇಕಕ್ಕೆ ಕಳಂಕವೆಂಬುದನ್ನೂ ಮರೆಮಾಚಲಾಗದು.

ಕೂಸಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆಯು ಅಂಗೈಯಲ್ಲಿ ಅಡಗುವಷ್ಟು ಕಿರಿದು. ಅದರ ಒಂದು ಬದಿ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿರುತ್ತದೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಮೂತಿಯನ್ನು ತುಟಿಯ ಅಂಚಿಗಿಟ್ಟು, ಅದು ನುಂಗಿದಷ್ಟೇ ಹನಿಸುತ್ತಿದ್ದರು. ತೊಳೆಯಲು ಸುಲಭವಾದ ಈ ಪಾತ್ರೆಯು, ರಬ್ಬರಿನ ತೊಟ್ಟಿನೊಳಗೆ ಕೊಳೆಯನ್ನು ಬಚ್ಚಿಟ್ಟುಕೊಳ್ಳುವ ಸೀಸೆಗಿಂತ ಎಷ್ಟೋ ಮೇಲು. ಆದರೆ ಬೇಸಗೆಯ ಉರಿಯಲ್ಲಿ ಕೂಸಿನ ಗಂಟಲು ಒಣಗೀತೆಂದು ಅದರಲ್ಲಿಯೇ ನೀರನ್ನೂ ಕುಡಿಸುತ್ತಿದ್ದರು. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ ಅದು ಅನವಶ್ಯಕ, ಬಾವಿಯ ನೀರು ಕೆಟ್ಟಿದ್ದರೆ ಅಪಾಯಕರವೂ ಹೌದು.

ಮೊದಲ ತುತ್ತು ನೆಲವನ್ನನುಸರಿಸಿತು. ಕುರುಗೋಡಿನ ಎರೆಭೂಮಿಯಲ್ಲಿ ಜೋಳ ನವಣೆಗಳ ಗಂಜಿಯೂ, ಹಾಲಿನಲ್ಲಿ ನೆನೆಸಿ ಹಿಸುಕಿದ ಬಿಸಿ ರೊಟ್ಟಿಯೂ ಕೂಸಿನ ಊಟವಾದವು. ಭತ್ತವಿದ್ದುದು ಸಿರುಗುಪ್ಪದ ಕಡೆ, ವಿಜಯನಗರದ ಅರಸರ ಕಾಲುವೆಗಳ ಆಸುಪಾಸಿನಲ್ಲಿ. 1953ರಲ್ಲಿ, ಬಳ್ಳಾರಿಯು ಮದರಾಸನ್ನು ತೊರೆದು ಮೈಸೂರನ್ನು ಸೇರಿದ ವರ್ಷವೇ, ತುಂಗಭದ್ರೆಯ ಜಲಾಶಯದಿಂದ ನೀರು ಹರಿಯತೊಡಗಿ, ಗದ್ದೆಗಳು ಹಬ್ಬಿ, ಬರಬರುತ್ತ ಬೆಳ್ಳನೆಯ ಅನ್ನವು ನವಣೆಯನ್ನು ಹಿಂದಿಕ್ಕಿತು. ಬರದ ಭಯ ಕುಗ್ಗಿದುದು ದೊಡ್ಡ ಲಾಭವೇ. ಆದರೆ ಪಾಲಿಷ್ ಮಾಡಿದ ಅಕ್ಕಿಯ ತಿಳಿಗಂಜಿಯೊಂದನ್ನೇ ಕುಡಿದ ಕೂಸಿಗೆ ಹೊಟ್ಟೆ ತುಂಬೀತು, ರಕ್ತ ತುಂಬದು. ಬೇಳೆ, ಸೊಪ್ಪು, ತುಪ್ಪ, ಮೊಟ್ಟೆಗಳು ಅದರೊಡನೆ ಕೂಡಬೇಕು.

ಎದೆಹಾಲಿನ ಬದಲಿಗೆ ಕೂಸಿಗೆ ಕೊಡುವ ಹಾಲುಪುಡಿಯ ಜಾಹೀರಾತನ್ನು 1992ರ ಕಾನೂನು ತಡೆಯಿತು. ಹೆರಿಗೆಯು ಆಸ್ಪತ್ರೆಗೆ ಸರಿದುದರಿಂದ ಮೊದಲ ಗಂಟೆಯಲ್ಲಿಯೇ ಮೊಲೆಯುಣಿಸಬೇಕೆಂಬ ಮಾತು ಹಳ್ಳಿಗೂ ಮುಟ್ಟಿದೆ. ಈಗ ಎಷ್ಟೋ ತಾಯಂದಿರಿಗೆ ಕೊರತೆಯಾಗಿರುವುದು ತಿಳಿವಳಿಕೆಗಿಂತ ಹೆಚ್ಚಾಗಿ ಬಿಡುವು. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿ, ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುವಿಹಾರವನ್ನು ಕಡ್ಡಾಯಗೊಳಿಸಿತು. ಆದರೆ ಸಿರುಗುಪ್ಪದ ಗದ್ದೆಯಲ್ಲಿ ಭತ್ತದ ಸಸಿ ನೆಡುವ ಕೂಲಿಯಾಕೆಗೂ, ಬಳ್ಳಾರಿಯ ಓಣಿಯ ಮನೆಯಲ್ಲಿ ಕುಳಿತು ಜೀನ್ಸ್ ಪ್ಯಾಂಟುಗಳನ್ನು ಹೊಲಿಯುವಾಕೆಗೂ ಆ ರಜೆಯನ್ನು ಕೊಡುವ ಧಣಿ ಯಾರೂ ಇಲ್ಲ.