ಮಣಿಲಾಲನ ಜ್ವರ, ತಂದೆಯ ಪಥ್ಯ

1902ರಲ್ಲಿ ಮುಂಬಯಿಯ ಗಿರ್ಗಾಂವಿನ ಒಂದು ಬಾಡಿಗೆ ಮನೆಯಲ್ಲಿ ಬ್ಯಾರಿಸ್ಟರ್ ಮೋಹನದಾಸ ಗಾಂಧಿಯವರ ಎರಡನೆಯ ಮಗ ಮಣಿಲಾಲ ಹಾಸಿಗೆ ಹಿಡಿದ. ವಿಷಮಶೀತ ಜ್ವರ, ಜೊತೆಗೆ ನ್ಯೂಮೋನಿಯಾ. ರಾತ್ರಿಯಾದರೆ ಬಡಬಡಿಕೆ. ಕೆಲವು ವರ್ಷಗಳ ಹಿಂದೆಯಷ್ಟೇ ಸಿಡುಬಿನಿಂದ ಪಾರಾಗಿ ಬಂದಿದ್ದ ಹುಡುಗ ಅವನು. ನೋಡಲು ಬಂದ ಪಾರ್ಸಿ ವೈದ್ಯರು, ಈ ಕಾಯಿಲೆಯಲ್ಲಿ ಔಷಧಿಯಿಂದ ಹೆಚ್ಚು ಪ್ರಯೋಜನವಿಲ್ಲ, ಮೈಯಲ್ಲಿ ಶಕ್ತಿ ಉಳಿಯಬೇಕು, ಮೊಟ್ಟೆ ಮತ್ತು ಕೋಳಿಯ ಸಾರು ಕೊಡಿ ಎಂದರು. ನಮ್ಮ ಮನೆಗಳಲ್ಲಾದರೆ ಇದೊಂದು ಪ್ರಶ್ನೆಯೇ ಅಲ್ಲ. ಜ್ವರ ಬಿಟ್ಟ ಮಗುವಿನ ಬಾಯಿಗೆ ಮೊದಲು ಹೋಗುವುದೇ ಯಖ್ನಿ. ಆದರೆ ಗಾಂಧಿಯವರ ಮನೆಯಲ್ಲಿ ಅದು ಧರ್ಮದ ಪ್ರಶ್ನೆಯಾಯಿತು.

ನಂತರದ್ದನ್ನು ಅವರೇ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾರೆ. ಎಷ್ಟೋ ಹಿಂದೂ ಮನೆಗಳಲ್ಲಿ ಕಾಯಿಲೆಯವರಿಗೆ ಇದನ್ನೆಲ್ಲ ಕೊಡುತ್ತಾರೆ, ಮಗನ ಮೇಲೆ ಇಷ್ಟು ಕಠಿಣವಾಗಬೇಡಿ ಎಂದು ವೈದ್ಯರು ಹೇಳಿನೋಡಿದರು. ತಂದೆ ಒಪ್ಪಲಿಲ್ಲ. ನೀರಿನ ಚಿಕಿತ್ಸೆ ಮಾಡುತ್ತೇನೆ, ಆದರೆ ನಾಡಿ, ಎದೆ, ಶ್ವಾಸಕೋಶಗಳನ್ನು ಪರೀಕ್ಷಿಸಲು ನನಗೆ ಬರುವುದಿಲ್ಲ, ತಾವು ಆಗಾಗ ಬಂದು ನೋಡಿ ಹೇಳಬೇಕು ಎಂದು ಕೇಳಿಕೊಂಡರು. ಆ ಪುಣ್ಯಾತ್ಮ ವೈದ್ಯರು ಮುನಿಸಿಕೊಳ್ಳದೆ ಒಪ್ಪಿದರು. ಅನಂತರ ಗಾಂಧಿಯವರು ಮಗನನ್ನೇ ಕೇಳಿದರು. ಮೊಟ್ಟೆಯೂ ಬೇಡ, ಸಾರೂ ಬೇಡ, ನಿಮ್ಮ ನೀರಿನ ಚಿಕಿತ್ಸೆಯೇ ಆಗಲಿ ಎಂದ ಮಣಿಲಾಲ. ತಂದೆಯ ಲೆಕ್ಕದಲ್ಲಿ ಅವನಿಗೆ ಆಗ ಹತ್ತು ವರ್ಷ.

ಮೂರು ನಿಮಿಷ ಮೀರದ ಕಟಿಸ್ನಾನ, ಮೂರು ದಿನ ನೀರು ಬೆರೆಸಿದ ಕಿತ್ತಳೆ ರಸ. ಜ್ವರ ಇಳಿಯಲಿಲ್ಲ, 104 ಡಿಗ್ರಿಗೆ ಏರಿತು. ಜನ ಏನನ್ನುತ್ತಾರೆ, ಅಣ್ಣ ಏನನ್ನುತ್ತಾನೆ, ಬೇರೆ ವೈದ್ಯರನ್ನು ಕರೆಸಬಾರದೇ, ತಮ್ಮ ಹುಚ್ಚು ವಿಚಾರಗಳನ್ನು ಮಕ್ಕಳ ಮೇಲೆ ಹೇರಲು ತಂದೆತಾಯಿಗೆ ಯಾವ ಅಧಿಕಾರವಿದೆ ಎಂಬ ಯೋಚನೆಗಳು ಅವರನ್ನು ಕಾಡಿದವು. ರಾತ್ರಿ ಮಗನ ಮೈಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿ, ತಲೆಗೆ ಒದ್ದೆ ಟವೆಲ್ ಇಟ್ಟು, ಕಸ್ತೂರಬಾರನ್ನು ಪಕ್ಕದಲ್ಲಿ ಕೂರಿಸಿ ಅವರು ಚೌಪಾಟಿಯ ಕಡೆ ಹೊರಟರು. ಹತ್ತು ಗಂಟೆಯ ಸಮಯ. ರಸ್ತೆಯಲ್ಲಿ ಜನ ವಿರಳ. ರಾಮನಾಮ ಜಪಿಸುತ್ತ, ಮಾನ ಕಾಪಾಡು ಎಂದು ಬೇಡುತ್ತ ನಡೆದು ಮನೆಗೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಮಗ ಬೆವರುತ್ತಿದ್ದ. ಜ್ವರ ಇಳಿಯತೊಡಗಿತ್ತು. ಮುಂದೆ ನಲವತ್ತು ದಿನ ನೀರು ಬೆರೆಸಿದ ಹಾಲು, ಹಣ್ಣಿನ ರಸ. ಹುಡುಗ ಬದುಕಿದ.

ಈ ಪ್ರಸಂಗವನ್ನು ಪ್ರಕೃತಿ ಚಿಕಿತ್ಸೆಯ ವಿಜಯವೆಂದು ಹೇಳುವವರನ್ನು ನಾವು ಕೇಳಿದ್ದೇವೆ. ಬರೆದವರು ಹಾಗೆ ಹೇಳಿಲ್ಲ. ದೇವರ ದಯೆಯೋ, ನೀರೋ, ಪಥ್ಯವೋ, ಆರೈಕೆಯೋ ಯಾರು ಬಲ್ಲರು ಎಂಬಂತೆ ಬಿಟ್ಟಿದ್ದಾರೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ತವಕ್ಕುಲ್ ಮಾಡು ಎಂಬ ಪ್ರವಾದಿವರ್ಯರ (ಸ) ಮಾತು ನಮಗೆ ಗೊತ್ತು. ನಾಡಿ ನೋಡಲು ವೈದ್ಯರನ್ನು ಬರಹೇಳಿದ ಗಾಂಧಿ ಒಂಟೆಯನ್ನು ಅರ್ಧ ಕಟ್ಟಿದ್ದರು ಎನ್ನಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಾಲು ಅಲ್ಲೇ ಇದೆ. ಮೊಟ್ಟೆಯನ್ನೋ ಸಾರನ್ನೋ ತಾವು ಕೊಟ್ಟಿದ್ದರೆ ಹುಡುಗ ಅದನ್ನೂ ಕುಡಿಯುತ್ತಿದ್ದ ಎಂದು ತಂದೆಯೇ ಒಪ್ಪುತ್ತಾರೆ. ಅಂದರೆ ಹುಡುಗ ಕೊಟ್ಟದ್ದು ತಂದೆಯ ಉತ್ತರ. ಹತ್ತು ವರ್ಷದ ಮಗು ಬೇರೆ ಏನು ಹೇಳೀತು?

ಈ ಅಭಿಪ್ರಾಯಗಳು ಅವರಿಗೆ ಎಲ್ಲಿಂದ ಬಂದವು? ಗುಜರಾತಿನ ಅಜ್ಜಿಯರಿಂದ ಎಂದು ಭಾವಿಸಿದರೆ ತಪ್ಪು. ಕಟಿಸ್ನಾನ ಲೈಪ್‌ಜಿಗ್ಗಿನ ಲೂಯಿ ಕೂನೆಯದು. ಮಣ್ಣಿನ ಪಟ್ಟಿ, ಪ್ರಕೃತಿಗೆ ಮರಳುವ ಮಾತು ಅಡಾಲ್ಫ್ ಯುಸ್ಟ್ ಎಂಬ ಇನ್ನೊಬ್ಬ ಜರ್ಮನ್ನನದು. ಎರಡೂ ಅಚ್ಚಾದ ಪುಸ್ತಕಗಳ ಮೂಲಕ ಬಂದ ವಿದ್ಯೆ. ಊಟವೇ ಔಷಧಿ ಎಂಬ ವಿಚಾರ ನಮ್ಮ ಹಕೀಮರಲ್ಲೂ ಇತ್ತು. ಅವರು ಅದನ್ನು ಇಲಾಜ್ ಬಿಲ್ ಗಿಝಾ ಎನ್ನುತ್ತಿದ್ದರು. ಇಬ್ನ್ ಸೀನಾ ತನ್ನ ಅಲ್ ಕಾನೂನಿನಲ್ಲಿ ಹಸುಗೂಸಿನ ಸ್ನಾನ, ಹೊದಿಕೆ, ತಾಯಿಯ ಹಾಲಿನ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾನೆ. ಆದರೆ ಹಕೀಮನು ನಾಡಿ ಹಿಡಿದು ಪಥ್ಯ ಹೇಳುತ್ತಿದ್ದ. ಪುಸ್ತಕ ಓದಿದ ತಂದೆಗೆ ನಾಡಿ ಹಿಡಿಯುವ ಗುರು ಇರಲಿಲ್ಲ.

ಪುಸ್ತಕ ಓದಿ ಮಕ್ಕಳನ್ನು ಬೆಳೆಸಿದ ತಂದೆ ಎಂಬ ಮಟ್ಟಿಗೆ ಗಾಂಧಿ ನಮ್ಮ ಕಾಲದವರೇ. 1900ರಲ್ಲಿ ಡರ್ಬನ್ನಿನಲ್ಲಿ ಕಿರಿಯ ಮಗ ದೇವದಾಸ ಹುಟ್ಟಿದಾಗ ಹೆರಿಗೆ ನೋವು ದಿಢೀರನೆ ಬಂತು. ವೈದ್ಯರು ಸಿಗಲಿಲ್ಲ, ಸೂಲಗಿತ್ತಿಯನ್ನು ಕರೆತರುವಷ್ಟು ಸಮಯವಿರಲಿಲ್ಲ. ಗುಜರಾತಿಯಲ್ಲಿ ಡಾ. ತ್ರಿಭುವನದಾಸರು ತಾಯಂದಿರಿಗಾಗಿ ಬರೆದ ಪುಸ್ತಕವನ್ನು ಮೊದಲೇ ಓದಿಕೊಂಡಿದ್ದ ಗಂಡನೇ ಹೆರಿಗೆ ಮಾಡಿಸಿದರು. ಮಗುವಿಗೆ ನೀರೆರೆಯುವುದನ್ನೂ ತಾವೇ ಮಾಡಿದರು. ಆ ಕಾಲದ ಗಂಡಸರಲ್ಲಿ, ಹಿಂದೂವಾಗಲಿ ಮುಸ್ಲಿಮನಾಗಲಿ, ಇಂಥವರು ಎಷ್ಟು ಜನ ಸಿಗುತ್ತಿದ್ದರು? ಮುಂದೆ ಹಡಗಿನಲ್ಲಿ ಆಡುವಾಗ ರಾಮದಾಸ ಕೈ ಮುರಿದುಕೊಂಡು ಬಂದ. ಹಡಗಿನ ವೈದ್ಯರು ಮೂಳೆ ಕೂರಿಸಿದ್ದರು. ತಂದೆ ಆ ಪಟ್ಟಿ ಬಿಚ್ಚಿ ಗಾಯ ತೊಳೆದು ಮಣ್ಣಿನ ಪಟ್ಟಿ ಕಟ್ಟಿದರು. ಒಂದು ತಿಂಗಳಲ್ಲಿ ವಾಸಿಯಾಯಿತು.

ಮಕ್ಕಳ ವಿಷಯದಲ್ಲಿ ಇಷ್ಟು ಹಟ ಮಾಡಿದ ಇದೇ ಮನುಷ್ಯ ಪರರ ಮಕ್ಕಳು, ಪರರ ಅಡುಗೆಯ ವಿಷಯ ಬಂದಾಗ ಎಷ್ಟು ನಯವಾಗಿ ನಡೆದುಕೊಂಡರು ಎಂಬುದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಸಾಕ್ಷಿ. 1910ರಲ್ಲಿ ಹರ್ಮನ್ ಕಾಲೆನ್‌ಬಾಖ್ ಎಂಬ ಯಹೂದಿ ಗೆಳೆಯರು ಜೋಹಾನ್ಸ್‌ಬರ್ಗಿನಿಂದ ಇಪ್ಪತ್ತೊಂದು ಮೈಲಿ ದೂರದ ತಮ್ಮ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟರು. ಅಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ, ಕ್ರೈಸ್ತರು ಎಲ್ಲರೂ ಇದ್ದರು. ಮಾಂಸ ತಿಂದು ಬೆಳೆದವರಿಗೆ ಅದನ್ನು ಬಿಡಿ ಎಂದು ಹೇಗೆ ಹೇಳುವುದು? ದನದ ಮಾಂಸ ಬೇಕೆಂದು ಕೇಳಿದರೆ ಅದನ್ನೂ ಒದಗಿಸಲೇಬೇಕು ಎಂಬ ತೀರ್ಮಾನಕ್ಕೆ ಗಾಂಧಿಯವರು ಬಂದಿದ್ದರು. ಅನಂತರವೇ ಅವರು ಕ್ರೈಸ್ತ ಹೆಂಗಸರ ಮುಂದೆ, ಮುಸ್ಲಿಮರ ಮುಂದೆ ವಿಷಯವಿಟ್ಟರು. ಅವರು ಒಪ್ಪಿದ ಮೇಲೆಯೇ ಅಡುಗೆಮನೆ ಶಾಕಾಹಾರಿಯಾದದ್ದು.

ರಮಝಾನ್ ಬಂದಾಗ ಅಲ್ಲಿಯ ಮುಸ್ಲಿಮ್ ಹುಡುಗರಿಗೆ ರೋಝಾ ಹಿಡಿಯಲು ಅವರೇ ಉತ್ತೇಜನ ಕೊಟ್ಟರು. ಜೊತೆಗಿರಲಿ ಎಂದು ಹಿಂದೂ, ಪಾರ್ಸಿ, ಕ್ರೈಸ್ತ ಹುಡುಗರೂ ಹಗಲು ಊಟ ಬಿಟ್ಟರು. ಅವರಿಗೆ ನೀರು ಕುಡಿಯಲು ಅಡ್ಡಿಯಿರಲಿಲ್ಲ, ಸಹ್ರಿಗೆ ಏಳಬೇಕಾಗಿರಲಿಲ್ಲ. ಈ ಹುಡುಗರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ಯಾಕೆಂದರೆ ಇಫ್ತಾರಿನ ಹೊತ್ತಿಗೆ ರೋಝಾದಾರ ಗೆಳೆಯರಿಗೆ ಬಡಿಸಬೇಕಿತ್ತು, ಅವರಿಗಾಗಿ ವಿಶೇಷ ತಿನಿಸು ಮಾಡಬೇಕಿತ್ತು. ಆ ಮುಸ್ಲಿಮ್ ಮಕ್ಕಳಿಗೆ ಉರ್ದು ಲಿಪಿ ಕಲಿಸಿದ್ದೂ ಗಾಂಧಿಯವರೇ, ಒಂದು ಹಡಗು ಪ್ರಯಾಣದಲ್ಲಿ ಕಲಿತಷ್ಟು ಉರ್ದುವಿನಿಂದ! ಉರ್ದು ಶಾಲೆಯಲ್ಲಿ ಉಸ್ತಾದರ ಬೆತ್ತದ ರುಚಿ ಕಂಡ ನಮಗೆ ಆ ಮಕ್ಕಳ ಭಾಗ್ಯದ ಮೇಲೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಮಣಿಲಾಲ ಬೆಳೆದು ದಕ್ಷಿಣ ಆಫ್ರಿಕಾದಲ್ಲಿ ತಂದೆಯ ಪತ್ರಿಕೆ ಇಂಡಿಯನ್ ಒಪೀನಿಯನ್ ನಡೆಸಿದರು. ಕೇಪ್‌ಟೌನಿನ ಗೂಲ್ ಮನೆತನದ ಫಾತಿಮಾ ಎಂಬವರನ್ನು ಮೆಚ್ಚಿಕೊಂಡಿದ್ದರು. ಮದುವೆಯಾಗುವ ಇಚ್ಛೆ ತಂದೆಗೆ ತಿಳಿದಾಗ, 1926ರ ಏಪ್ರಿಲಿನಲ್ಲಿ ಉತ್ತರ ಬಂತು: ಇದು ಧರ್ಮಕ್ಕೆ ವಿರುದ್ಧ, ಹಿಂದೂ ಮುಸ್ಲಿಮ್ ಪ್ರಶ್ನೆಗೂ ಇದರಿಂದ ಒಳಿತಾಗದು. ಆಗ ಮಣಿಲಾಲರಿಗೆ ಮೂವತ್ತಮೂರು ವರ್ಷ. ಅವರು ತಂದೆಯ ಮಾತು ಮೀರಲಿಲ್ಲ. ಮರು ವರ್ಷ ಮಾರ್ಚಿನಲ್ಲಿ ಸುಶೀಲಾ ಮಶ್ರೂವಾಲಾರೊಂದಿಗೆ ಮದುವೆಯಾಯಿತು. ನಮ್ಮ ಮನೆಗಳಲ್ಲೂ ಇಂಥ ಕಾಗದಕ್ಕೆ ಇದೇ ಉತ್ತರ ಹೋಗುತ್ತಿತ್ತು, ಬಹುಶಃ ಇದಕ್ಕಿಂತ ಕಟುವಾಗಿ. ಆದ್ದರಿಂದ ನಾವು ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ. ಕೋಳಿಯ ಸಾರು ಬೇಡವೆಂದ ಹುಡುಗನ ನೆನಪು ಮಾತ್ರ ಆ ಕಾಗದದ ಹಿಂದೆ ಕಾಣುತ್ತದೆ.

ಈಗ ಸಿಡುಬಿನ ಮಾತು. ಮಣಿಲಾಲನ ಜ್ವರಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1802ರ ಜೂನಿನಲ್ಲಿ, ಅದೇ ಮುಂಬಯಿಯಲ್ಲಿ ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಭಾರತದ ಮೊದಲ ಸಿಡುಬಿನ ಲಸಿಕೆ ಹಾಕಲಾಯಿತು. ಹಳೇ ಮೈಸೂರಿನ ಹಿರಿಯರು ಇದನ್ನೇ ದಾಕು ಹಾಕಿಸುವುದು ಎನ್ನುತ್ತಿದ್ದರು. 1805ರ ಸುಮಾರಿಗೆ ತಾಮಸ್ ಹಿಕಿ ಬರೆದ ಮೂವರು ರಾಜಮನೆತನದ ಸ್ತ್ರೀಯರ ಚಿತ್ರವೊಂದಿದೆ. ಅವರು ಮೈಸೂರಿನ ರಾಣಿಯರು, ಸೆರಗು ಸರಿಸಿ ತೋಳು ತೋರಿಸುತ್ತಿರುವವಳು ಲಸಿಕೆ ಹಾಕಿಸಿಕೊಂಡ ಜಾಗವನ್ನೇ ತೋರಿಸುತ್ತಿದ್ದಾಳೆ ಎಂದು ಒಬ್ಬ ಇತಿಹಾಸಕಾರರು ವಾದಿಸಿದ್ದಾರೆ. ಅದಕ್ಕೂ ಮೊದಲು, 1718ರಲ್ಲಿ ಇಸ್ತಾಂಬುಲ್‌ನಲ್ಲಿ ತುರ್ಕಿ ಹೆಂಗಸರ ಪದ್ಧತಿ ನೋಡಿದ ಲೇಡಿ ಮೇರಿ ಮಾಂಟೆಗು ಎಂಬ ಇಂಗ್ಲಿಷ್ ಮಹಿಳೆ ಅಲ್ಲಿಯೇ ತನ್ನ ಮಗನಿಗೆ ಸಿಡುಬಿನ ಕೀವು ಚುಚ್ಚಿಸಿದ್ದಳು. ಲಸಿಕೆಯನ್ನು ಪರಕೀಯರ ಮಸಲತ್ತೆನ್ನುವ ನಮ್ಮ ಕೆಲವು ಗೆಳೆಯರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಗಾಂಧಿಯವರು ಲಸಿಕೆಯನ್ನು ಒಪ್ಪಲಿಲ್ಲ. 1913ರಲ್ಲಿ ಇಂಡಿಯನ್ ಒಪೀನಿಯನ್‌ನಲ್ಲಿ ಬರೆದ ಆರೋಗ್ಯ ಲೇಖನಮಾಲೆಯಲ್ಲಿ ಅದನ್ನು ಹೊಲಸು ಉಪಾಯವೆಂದು ಹಳಿದರು. ದನದ ಮೈಯಿಂದ ಬಂದ ದ್ರವವೆಂಬುದೂ ಅವರ ಆಕ್ಷೇಪವಾಗಿತ್ತು. ತಮ್ಮ ಬರಹಗಳಲ್ಲೆಲ್ಲ ಅತಿ ಹೆಚ್ಚು ಓದಿಸಿಕೊಂಡದ್ದು ಈ ಪುಟ್ಟ ಪುಸ್ತಕವೇ ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಲಿನ ವಿಷಯದಲ್ಲಿ ಅವರು ಬಾಗಿದರು. 1912ರಲ್ಲಿ ಹಾಲು ಬಿಟ್ಟವರು, 1918ರ ಕಾಯಿಲೆಯಲ್ಲಿ ಸಾವಿನ ಸಮೀಪ ಹೋಗಿ ಬಂದ ಮೇಲೆ ಕಸ್ತೂರಬಾ ಸೂಚಿಸಿದ ಮೇಕೆಯ ಹಾಲನ್ನು ಕುಡಿದರು. 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಇಳಿದಾಗ ಅಲ್ಲಿಯ ಇಂಪೀರಿಯಲ್ ಡೈರಿಗೆ ಹೋಗಿ ವಿದ್ಯಾರ್ಥಿಯಂತೆ ಹಸು ಸಾಕಣೆ ಕಲಿತರು. ತಮ್ಮ ದೇಹ ಸೋತಾಗ ಅಭಿಪ್ರಾಯ ಬದಲಾಗಲು ಅಲ್ಲೊಂದು ದಾರಿಯಿತ್ತು, ಹೆಂಡತಿಯ ಸಲಹೆಯೂ ಇತ್ತು.

1930ರ ಆರಂಭದಲ್ಲಿ, ದಂಡಿ ಯಾತ್ರೆಯ ಸಿದ್ಧತೆ ನಡೆದಿದ್ದಾಗ, ಸಾಬರಮತಿ ಆಶ್ರಮಕ್ಕೆ ಸಿಡುಬು ಬಂತು. ಮೂವರು ಮಕ್ಕಳು ತೀರಿಕೊಂಡರು. ಮಾರ್ಚ್ 12ರಂದು ಹೊರಟ ಎಪ್ಪತ್ತೆಂಟು ಜನರಲ್ಲಿ ಮಣಿಲಾಲರೂ ಇದ್ದರು. ಉಪ್ಪಿನ ಸತ್ಯಾಗ್ರಹದ ಚರಿತ್ರೆಗಳಲ್ಲಿ ಈ ಮಕ್ಕಳಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಮಾಂಸದ ಬಗ್ಗೆ ದೊಡ್ಡವರ ಒಪ್ಪಿಗೆ ಕೇಳಿದ ಹಾಗೆ ಇವರನ್ನು ಕೇಳುವ ಸಾಧ್ಯತೆಯೇ ಇರಲಿಲ್ಲ.

ನಾವು ಇದನ್ನೆಲ್ಲ ಹಳೆಯ ಸಂಗತಿಯೆಂದು ಬರೆಯುತ್ತಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಮೊಬೈಲುಗಳಲ್ಲಿ ಹರಿದಾಡಿದ ಗಾಳಿಮಾತುಗಳು ನಮ್ಮ ಮೊಹಲ್ಲಾಗಳಿಗೂ ಬಂದವು. ಅದಕ್ಕೂ ಹಿಂದೆ ಉತ್ತರಪ್ರದೇಶದಲ್ಲಿ ಪೋಲಿಯೊ ಹನಿಯಿಂದ ಸಂತಾನಶಕ್ತಿ ಹೋಗುತ್ತದೆಂಬ ವದಂತಿ ಹಬ್ಬಿ, ಕೊನೆಗೆ ಉಲಮಾಗಳು ಮುಂದೆ ಬಂದು, ಮಸೀದಿಗಳ ಮೈಕಿನಲ್ಲಿ ಕರೆಕೊಟ್ಟು ಮಕ್ಕಳಿಗೆ ಹನಿ ಹಾಕಿಸಬೇಕಾಯಿತು. ಭಾರತದಲ್ಲಿ ನೈಸರ್ಗಿಕವಾಗಿ ಹರಡಿದ ಪೋಲಿಯೊದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅವಳು ಎರಡು ವರ್ಷ ತುಂಬದ ಹೆಣ್ಣುಮಗು. ಮನೆಯ ಇತರ ಮಕ್ಕಳಿಗೆ ಹನಿ ಹಾಕಿಸಿದ್ದರು. ಇವಳು ಆಗಾಗ ಕಾಯಿಲೆ ಬೀಳುವ ಮಗು, ಇವಳಿಗೆ ಬೇಡ ಎಂದು ಬಿಟ್ಟಿದ್ದರು.